ಹದಿನಾರನೇ ತೂಬಿನ ಕಂಪ್ಯೂಟರ್

ಹದಿನಾರನೇ ತೂಬಿನ ನೀರು ಬಳಕೆದಾರರ ಸಂಘದ ಕಾರ್ಯದರ್ಶಿ ಪುಟ್ಟರಾಜುವಿಗೆ ಕಂಪ್ಯೂಟರ್ ಚೆನ್ನಾಗಿ ಬರುತ್ತದೆ ಎಂಬುದು ಕೊತ್ತತ್ತಿ ಸುತ್ತಿನ ಹತ್ತು ಹಳ್ಳಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಆ ಕಂಪ್ಯೂಟರಿಗೆ ಮಾತ್ರ.

ಈ ಕೀರ್ತಿ ಅವನಿಗೆ ಸುಮ್ಮನೆ ಬಂದದ್ದಲ್ಲ. ಎರಡು ಸಾವಿರದ ಒಂಬತ್ತರಲ್ಲಿ ಮಂಡ್ಯದಲ್ಲಿ ಮೂರು ದಿನದ ತರಬೇತಿ ನಡೆದಿತ್ತು. ಮೊದಲ ದಿನ ಉದ್ಘಾಟನೆ, ಎರಡನೇ ದಿನ ಕರೆಂಟಿಲ್ಲ, ಮೂರನೇ ದಿನ ಪ್ರಮಾಣಪತ್ರ. ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಸಂಘದ ಗೋಡೆಗೆ, ನಾಲೆಯ ನಕ್ಷೆಯ ಪಕ್ಕಕ್ಕೆ ತೂಗುಹಾಕಿದ ದಿನದಿಂದ ಅವನು ಕಂಪ್ಯೂಟರ್ ಪುಟ್ಟರಾಜು ಆದ. ನೆಂಟರು ಲಗ್ನಪತ್ರಿಕೆ ಕೊಡುವಾಗ ಮೇಲೆ ಹಾಗೆಯೇ ಬರೆಯುತ್ತಿದ್ದರು. ಅವನು ಅಂಥ ಪತ್ರಿಕೆಗಳನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಇಟ್ಟುಕೊಂಡಿದ್ದ.

ಕಂಪ್ಯೂಟರಿನಲ್ಲಿ ಅವನು ಮಾಡುತ್ತಿದ್ದ ಕೆಲಸ ಒಂದೇ. ತೂಬಿನಿಂದ ಹರಿಯುವ ನೀರು ಯಾವ ರೈತನ ಗದ್ದೆಗೆ ಯಾವ ದಿನ, ಎಷ್ಟು ಗಂಟೆ ಎಂಬ ಸರದಿ ಪಟ್ಟಿ ಅದರೊಳಗಿತ್ತು. ಯಾರೋ ಪುಣ್ಯಾತ್ಮರು ಆ ಕಾಲದಲ್ಲೇ ಅದನ್ನು ಟೈಪ್ ಮಾಡಿಕೊಟ್ಟಿದ್ದರು. ಪುಟ್ಟರಾಜು ಪ್ರತಿ ತಿಂಗಳು ಪಟ್ಟಿ ತೆರೆದು, ಮೇಲಿನ ತಿಂಗಳ ಹೆಸರು ಅಳಿಸಿ ಹೊಸ ತಿಂಗಳ ಹೆಸರು ಹಾಕಿ, ಪ್ರಿಂಟು ತೆಗೆದು ನೀರುಗಂಟಿ ಹುಚ್ಚೀರಯ್ಯನ ಕೈಗೆ ಕೊಡುತ್ತಿದ್ದ. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಬಿಡುವವನು ಹುಚ್ಚೀರಯ್ಯ. ಪಟ್ಟಿಯ ಬೇರೆ ಯಾವ ಅಕ್ಷರವನ್ನೂ ಪುಟ್ಟರಾಜು ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಏನಾಗಿಬಿಡುತ್ತದೋ ಎಂಬ ಭಯ. ಹೀಗಾಗಿ ತೀರಿಕೊಂಡ ಹನ್ನೊಂದು ಮಂದಿಗೆ ಪಟ್ಟಿಯಲ್ಲಿ ಇನ್ನೂ ನೀರು ಹರಿಯುತ್ತಿತ್ತು. ಎಂಟು ವರ್ಷದ ಕೆಳಗೆ ಮಣ್ಣಾದ ಅವನ ಸ್ವಂತ ಅಪ್ಪನಿಗೂ ಮಂಗಳವಾರ ಆರು ಗಂಟೆ ನೀರಿತ್ತು. ಗದ್ದೆಯನ್ನು ಸೈಟು ಮಾಡಿ ಮಾರಿ ಮಂಡ್ಯದಲ್ಲಿ ಮನೆ ಕಟ್ಟಿಕೊಂಡವನಿಗೆ ಶನಿವಾರ ಹಗಲೆಲ್ಲ ನೀರು.

ಇಂಥ ಸುಖದ ದಿನಗಳಲ್ಲಿ ಮಂಡ್ಯದ ಮೇಲಿನ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಸಂಘಗಳಲ್ಲಿರುವ ಕಚೇರಿ ತಂತ್ರಾಂಶ ಬಹಳ ಹಳೆಯದಾಗಿದ್ದು, ಅದನ್ನೇ ಉಳಿಸಿಕೊಳ್ಳಬೇಕೋ ಹೊಸ ಆವೃತ್ತಿಗೆ ಏರಿಸಬೇಕೋ ಎಂಬ ಬಗ್ಗೆ ಕಾರ್ಯದರ್ಶಿಗಳು ಹತ್ತು ದಿನದೊಳಗೆ ಅಭಿಪ್ರಾಯ ತಿಳಿಸುವುದು.

ಪುಟ್ಟರಾಜು ಅದನ್ನು ಮೂರು ಸಲ ಓದಿದ. ಹದಿನೈದು ವರ್ಷದ ನೌಕರಿಯಲ್ಲಿ ಅವನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಮನೆಯಲ್ಲಂತೂ ಕೇಳುವ ರೂಢಿಯೇ ಇರಲಿಲ್ಲ. ಸಂಘಕ್ಕೆ ವಾರಕ್ಕೆರಡು ದಿನ ಗುತ್ತಿಗೆಯ ಮೇಲೆ ಬರುತ್ತಿದ್ದ ಸಹಾಯಕಿ ಹೇಮಶ್ರೀಗೆ ಕಂಪ್ಯೂಟರಿನ ವಿಷಯ ಚೆನ್ನಾಗಿ ತಿಳಿದಿತ್ತು. ಆದ್ದರಿಂದಲೇ ಪುಟ್ಟರಾಜು ಅವಳಿಗೆ ಲಕೋಟೆಗೆ ಮೊಹರು ಒತ್ತುವ ಕೆಲಸ ಕೊಟ್ಟಿದ್ದ. ಅವಳನ್ನು ಕೇಳುವುದು ಮರ್ಯಾದೆಯಲ್ಲ ಎಂದು ಸುತ್ತೋಲೆಯನ್ನು ಮಡಿಸಿ ಜೇಬಿಗಿಟ್ಟುಕೊಂಡ. ಅದು ಅಲ್ಲೇ ಇದ್ದಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ.

ಮಾರನೆಯ ದಿನ ಮಳವಳ್ಳಿಯಲ್ಲಿ ಒಂದು ಬೀಗರೂಟ. ಮುದ್ದೆ ಮುರಿದು ಸಾರಿಗೆ ಅದ್ದಿದ ಮೇಲೆ ಎಂಥ ಗಂಡಸಿಗೂ ಒಂದು ಗತ್ತು ಬರುತ್ತದೆ. ಪಕ್ಕದ ಎಲೆಯವನು ಸೌಜನ್ಯಕ್ಕೆ, "ಎಂಗಪ್ಪಾ ಕ್ಯಾಮೆ?" ಎಂದ. ಪುಟ್ಟರಾಜು ಎಡಗೈಯಿಂದ ಸುತ್ತೋಲೆ ತೆಗೆದು ತೋರಿಸಿದ.

"ಸಾಫ್ಟ್‌ವೇರ್ ಬದಲಾಯಿಸೋದೋ ಬುಡೋದೋ ಅಂತ ಗೌರ್ಮೆಂಟು ನನ್ನೇ ಕೇಳದೆ. ನಾನು ಹೂಂ ಅಂದ್ರೆ ಒಸಾದು, ಊಹೂಂ ಅಂದ್ರೆ ಅಳೇದು."

"ಒಸಾದು ಬಂದ್ರೆ ಏನಾಯ್ತದೆ?"

ಇದು ಅವನಿಗೆ ಗೊತ್ತಿರಲಿಲ್ಲ. ಆದರೆ ಎದುರು ಸಾಲಿನವರೂ ಮೂಳೆ ಬಿಟ್ಟು ತಲೆಯೆತ್ತಿದ್ದರು. ಗೊತ್ತಿಲ್ಲ ಎನ್ನುವ ಸಮಯ ಅದಾಗಿರಲಿಲ್ಲ. "ಒಂದು ಬಟನ್ ಒತ್ತಿದ್ರೆ ಸರದಿ ಪಟ್ಟಿ ಪೂರ್ತಿ ತಿರುಗ್ತದೆ. ಮೇಲಿರೋ ಎಸ್ರು ಕೆಳಿಕೆ, ಕೆಳಗಿರೋ ಎಸ್ರು ಮೇಲಿಕೆ," ಎಂದ.

ಅವನ ದುರದೃಷ್ಟಕ್ಕೆ ಎದುರು ಸಾಲಿನಲ್ಲಿ ನಾಲ್ಕು ಜನ ಹದಿನಾರನೇ ತೂಬಿನ ಕೊನೆಗಡೆಯವರಿದ್ದರು. ತೂಬಿಗೆ ಹತ್ತಿರದ ಗದ್ದೆಯವರು ಮೇಲ್ಗಡೆಯವರು, ಕಾಲುವೆ ಮುಗಿಯುವಲ್ಲಿ ಇರುವವರು ಕೊನೆಗಡೆಯವರು. ಮೇಲ್ಗಡೆಯವರಿಗೆ ನೀರು ಮೊದಲು, ಕೊನೆಗಡೆಯವರಿಗೆ ಉಳಿದರೆ. ಪಟ್ಟಿ ತಿರುಗಿದರೆ ನೀರೂ ತಿರುಗುತ್ತದೆಂದು ಆ ನಾಲ್ವರು ಅಲ್ಲೇ ಲೆಕ್ಕ ಹಾಕಿದರು. ನೀರು ಏರಿಗೆ ಹತ್ತುವುದಿಲ್ಲವೆಂಬುದು ಅವರಿಗೂ ಗೊತ್ತು. ಆದರೆ ಕಂಪ್ಯೂಟರ್ ಎಂದ ಮೇಲೆ ಹತ್ತಿದರೂ ಹತ್ತೀತು.

ಮರುದಿನ ಬೆಳಿಗ್ಗೆ ಪುಟ್ಟರಾಜು ಸಂಘದ ಬೀಗ ತೆಗೆಯುವ ಮೊದಲೇ ಅವನ ಅಣ್ಣ ಮಹದೇವಯ್ಯ ಜಗಲಿಯ ಮೇಲೆ ಕೂತಿದ್ದ. ಮಹದೇವಯ್ಯನದು ತೂಬಿನ ಬಾಯಲ್ಲೇ ಮೂರು ಎಕರೆ. ಮೇಲ್ಗಡೆಯವರಿಗೆಲ್ಲ ಅವನೇ ಯಜಮಾನ.

"ಯಾಕ್ಲಾ, ಪಟ್ಟಿ ತಿರುಗುಸ್ತೀಯಂತೆ?"

"ಅಂಗಲ್ಲ ಕಣಣ್ಣ, ಅದು ಬರೀ ಸಾಫ್ಟ್‌ವೇರು."

"ಎಂಥ ವೇರಾದ್ರೂ ಇರ್ಲಿ. ಅಪ್ಪ ಇದ್ದಾಗ್ಲಿಂದ ನಮ್ ಗದ್ದೆಗೆ ನೀರು ಮೊದ್ಲು. ಅಳೇದ್ರಲ್ಲಿ ಏನ್ ಕಮ್ಮಿಯಾಗದೆ? ಅಪ್ಪ ಸತ್ರೂ ಅವನ ಎಸ್ರು ತೆಗಿದೆ ಇಟ್ಕಂಡದೆ. ಒಸಾದು ಇಟ್ಕತದಾ?"

ಮಹದೇವಯ್ಯ ಒಂದು ಬಾಳೆಗೊನೆಯನ್ನು ಕಂಪ್ಯೂಟರಿನ ಪಕ್ಕದಲ್ಲಿಟ್ಟು ಹೊರಟುಹೋದ. ಅದು ತಮ್ಮನಿಗೋ ಕಂಪ್ಯೂಟರಿಗೋ ಎಂದು ಹೇಳಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಅತ್ತೆ ಮಾಯಮ್ಮ ಬಂದಳು. ಅವಳದು ಕಾಲುವೆಯ ಕಟ್ಟಕಡೆಯ ಗದ್ದೆ. ಸಂಬಂಧ ಕುದುರಿಸುವಾಗ ಹುಡುಗನ ನೌಕರಿ, ಹುಡುಗಿಯ ಬಣ್ಣ, ಇಬ್ಬರ ನಕ್ಷತ್ರ ಎಲ್ಲ ನೋಡಿದ ಹಿರಿಯರು, ಎರಡೂ ಮನೆ ಒಂದೇ ಕಾಲುವೆಯ ಎರಡು ತುದಿಯಲ್ಲಿವೆ ಎಂಬುದನ್ನು ಮಾತ್ರ ನೋಡಿರಲಿಲ್ಲ. ಮಾಯಮ್ಮ ಒಂದು ನಾಟಿ ಹುಂಜವನ್ನು ಕಾಲು ಕಟ್ಟಿ ಮೇಜಿನ ಕೆಳಗೆ ಮಲಗಿಸಿದಳು.

"ಅಳಿಯಂದಿರೇ, ನಿಮ್ ಕೈಯಾಗೇ ಅದೆಯಂತೆ. ಒಂದ್ ಬಟನ್ನಂತೆ. ಮಗ್ಳು ಕೊಟ್ಟೋರ್ ಮನೆಗೆ ಅಷ್ಟೂ ಒತ್ತಕಿಲ್ವಾ ನೀವು?"

"ಅತ್ತೆ, ಅದಕ್ಕೂ ನೀರಿಗೂ ಸಂಬಂಧ ಇಲ್ಲ ಕಣತ್ತೆ."

"ಬೀಗರೂಟದಾಗೆ ನೂರ್ ಜನದ ಮುಂದೆ ಯೋಳಿದ್ರಂತೆ. ಅತ್ತೆ ಮುಂದೆ ಸುಳ್ಳು ಯೋಳ್ತೀರಾ?"

ಇಲ್ಲಿ ಪುಟ್ಟರಾಜು, ನಾನು ಹೇಳಿದ್ದು ಬುರುಡೆ, ನನಗೆ ತಿಂಗಳ ಹೆಸರು ಬದಲಾಯಿಸುವುದು ಬಿಟ್ಟರೆ ಬೇರೇನೂ ಬರುವುದಿಲ್ಲ ಎಂದು ಹೇಳಬಹುದಿತ್ತು. ಹೇಳಿದ್ದರೆ ಹುಂಜ ವಾಪಸು ಹೋಗುತ್ತಿತ್ತು, ಅದರ ಜೊತೆ ಹದಿನೈದು ವರ್ಷದ ಹೆಸರೂ ಹೋಗುತ್ತಿತ್ತು. ಅವನು ಗೋಡೆಯ ಪ್ರಮಾಣಪತ್ರವನ್ನು ಒಮ್ಮೆ ನೋಡಿ, "ನೋಡವ ತಡೀರಿ," ಎಂದ.

ಹೇಮಶ್ರೀಗೆ ತಡೆಯಲಾಗಲಿಲ್ಲ. ಅವಳು ಜಗಲಿಗೆ ಬಂದು, ಮರಳಿ ಬಂದಿದ್ದ ಮಹದೇವಯ್ಯನೂ ಸೇರಿ ಅಲ್ಲಿ ಕೂಡಿದ್ದ ಎರಡೂ ಕಡೆಯವರಿಗೆ ತಾಳ್ಮೆಯಿಂದ ವಿವರಿಸಿದಳು. "ಸಾಫ್ಟ್‌ವೇರ್ ಅಂದ್ರೆ ಪೆನ್ನಿದ್ದ ಹಾಗೆ. ಹಳೇ ಪೆನ್ನಲ್ಲಿ ಬರೆದ್ರೂ ಹೊಸ ಪೆನ್ನಲ್ಲಿ ಬರೆದ್ರೂ ಪಟ್ಟಿ ಅದೇ ಇರುತ್ತೆ. ಯಾರೂ ಗಾಬರಿ ಆಗಬೇಡಿ."

ಮೇಲ್ಗಡೆಯವರು, ಕೊನೆಗಡೆಯವರು ಇಬ್ಬರೂ ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಒಂದಾಗಿ ನಕ್ಕರು. "ನೀನಿನ್ನೂ ಚಿಕ್ಕೋಳು ಕಣಮ್ಮ," ಎಂದ ಮಹದೇವಯ್ಯ. "ಬರೀ ಪೆನ್ನಾಗಿದ್ರೆ ಗೌರ್ಮೆಂಟು ನಮ್ ಪುಟ್ಟರಾಜನ್ನ ಯಾಕ್ ಕೇಳ್ತಿತ್ತು?" ಅದೂ ನಿಜವೆಂದು ಎಲ್ಲರಿಗೂ ಅನಿಸಿತು. ಹೇಮಶ್ರೀ ಹೋಗಿ ಮೊಹರು ಒತ್ತತೊಡಗಿದಳು.

ಮನೆಯಲ್ಲಿ ಹೆಂಡತಿ ಕುಸುಮ ತಟ್ಟೆಗೆ ಹಾಕುವ ಮುದ್ದೆ ದಿನದಿಂದ ದಿನಕ್ಕೆ ಚಿಕ್ಕದಾಗತೊಡಗಿತು. ನಾಲ್ಕನೇ ದಿನ ಅದು ನಿಂಬೆಹಣ್ಣಿನ ಗಾತ್ರಕ್ಕೆ ಬಂದಾಗ ಪುಟ್ಟರಾಜು, "ಇದೇನಮ್ಮಿ?" ಎಂದ.

"ನಮ್ಮವ್ವನ ಗದ್ದೆಗೆ ನೀರು ಬರೋದು ಇಷ್ಟೇಯ. ಉಂಡು ನೋಡಿ, ಒಟ್ಟೆ ತುಂಬ್ತದಾ ಅಂತ."

ಇನ್ನು ತಡೆಯಲಾರದೆ ಪುಟ್ಟರಾಜು ಐದನೇ ದಿನ ಮದ್ದೂರಿಗೆ ಹೋದ. ಮಂಡ್ಯದಲ್ಲಿ ವಿಚಾರಿಸಿದರೆ ಗುರುತಿನವರು ಸಿಗುತ್ತಾರೆಂದು ಮದ್ದೂರಿನ ಒಂದು ಕಂಪ್ಯೂಟರ್ ಅಂಗಡಿಗೆ ನುಗ್ಗಿ, ಹಳೆಯ ಸಾಫ್ಟ್‌ವೇರ್ ಒಳ್ಳೆಯದೋ ಹೊಸದೋ ಎಂದು ಸ್ನೇಹಿತನೊಬ್ಬನ ಪರವಾಗಿ ಕೇಳುತ್ತಿರುವವನಂತೆ ಕೇಳಿದ. ಅಂಗಡಿಯವನು, "ಅದರಲ್ಲಿ ನಿಮ್ಮ ಸ್ನೇಹಿತರು ಏನ್ ಕೆಲಸ ಮಾಡ್ತಾರೆ ಸಾರ್?" ಎಂದ. ಪುಟ್ಟರಾಜು ಹೇಳಿದ. ಅಂಗಡಿಯವನು, "ಅವರಿಗೆ ಕ್ಯಾಲೆಂಡರ್ ಸಾಕು ಸಾರ್," ಎಂದ. ಪುಟ್ಟರಾಜು ಮನೆಗೆಂದು ನಾಲ್ಕು ಮದ್ದೂರು ವಡೆ ಕಟ್ಟಿಸಿಕೊಂಡು ರೈಲು ಹತ್ತಿದ.

ರೈಲಿನಲ್ಲಿ ಅವನನ್ನು ಯಾರೋ ನೋಡಿದ್ದರು. ಮಂಡ್ಯದಿಂದ ಬಸ್ಸು ಹಿಡಿದು ಅವನು ಊರಲ್ಲಿ ಇಳಿಯುವ ಹೊತ್ತಿಗೆ ಅಣ್ಣ ಒಂದು ಕಡೆ, ಅತ್ತೆ ಒಂದು ಕಡೆ ನಿಂತಿದ್ದರು. ಕಾರ್ಯದರ್ಶಿ ಮದ್ದೂರಿನಿಂದ ಸಾಫ್ಟ್‌ವೇರ್ ತರುತ್ತಿದ್ದಾನೆ ಎಂಬ ಸುದ್ದಿ ರೈಲಿಗಿಂತ ಮೊದಲು ಬಂದಿತ್ತು. ಮಹದೇವಯ್ಯ ಚೀಲದಿಂದ ಪೊಟ್ಟಣ ತೆಗೆದು ಬಿಚ್ಚಿದ. ವಡೆಯನ್ನು ತಿರುಗಿಸಿ ಹಿಂದೆಮುಂದೆ ನೋಡಿ, ಒಂದನ್ನು ಮುರಿದು ಒಳಗೆ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ತಿಂದ. ನ್ಯಾಯ ಸಮನಾಗಿರಲೆಂದು ಮಾಯಮ್ಮನೂ ಒಂದನ್ನು ಪರೀಕ್ಷಿಸಿದಳು. ಕುಸುಮಳಿಗೆ ತಲುಪಿದ್ದು ಎಣ್ಣೆ ಹೀರಿದ ಕಾಗದ.

ಹತ್ತನೇ ದಿನ ಅವನು ಅಭಿಪ್ರಾಯ ಬರೆದ. ನೌಕರಿಯಲ್ಲಿ ಕಲಿತ ವಿದ್ಯೆಯೆಲ್ಲ ಅದರಲ್ಲಿತ್ತು. "ಹಳೆಯದು ಉತ್ತಮವಾಗಿರುವುದರಿಂದ ಅದನ್ನು ಉಳಿಸಿಕೊಳ್ಳುತ್ತಾ, ಹೊಸದೂ ಉತ್ತಮವೆಂದು ತಿಳಿದುಬಂದಿರುವುದರಿಂದ ಅದಕ್ಕೆ ಏರಿಸುತ್ತಾ, ತಮ್ಮ ಆದೇಶದಂತೆ ನಡೆದುಕೊಳ್ಳಲಾಗುವುದು." ಮೇಲಿನ ಕಚೇರಿಯವರಿಗೆ ಇಷ್ಟು ಸ್ಪಷ್ಟವಾದ ಉತ್ತರ ಬೇರೆ ಯಾವ ಸಂಘದಿಂದಲೂ ಬಂದಿರಲಿಲ್ಲ. ಅವರು ಕೂಡಲೇ ಹೊಸದನ್ನು ಮಂಜೂರು ಮಾಡಿದರು. ಹೇಮಶ್ರೀ ಒಂದು ಬೆಳಿಗ್ಗೆ ಕೂತು, ಕಾಫಿ ಆರುವಷ್ಟರಲ್ಲಿ ಅದನ್ನು ಹಾಕಿ ಮುಗಿಸಿದಳು.

ನಾಲೆಗೆ ನೀರು ಬಿಡುವ ದಿನ ಬಂತು. ಸಂಘದ ಮುಂದೆ ಎಡಕ್ಕೆ ಮೇಲ್ಗಡೆಯವರು, ಬಲಕ್ಕೆ ಕೊನೆಗಡೆಯವರು. ಒಳಗೆ ಹೇಮಶ್ರೀ ಕಂಪ್ಯೂಟರಿನ ಮುಂದೆ ಕೂತಿದ್ದಳು. ಪಕ್ಕದಲ್ಲಿ ಪುಟ್ಟರಾಜು, ಪಟ್ಟಿ ತಿರುಗಿದರೆ ಅಣ್ಣನ ಮನೆಯ ಬಾಗಿಲು ಮುಚ್ಚಿತು, ತಿರುಗದಿದ್ದರೆ ತನ್ನ ಮನೆಯ ಒಲೆ ಆರಿತು ಎಂದು ಬೆವರುತ್ತಿದ್ದ. ಆಗ ಹುಚ್ಚೀರಯ್ಯ ಸೈಕಲ್ಲನ್ನು ಬೇಲಿಗೆ ಒರಗಿಸಿ ಎಂದಿನಂತೆ ಪಟ್ಟಿ ತೆಗೆದುಕೊಳ್ಳಲು ಬಂದು ಬಾಗಿಲ ಬಳಿ ನಿಂತ. ಪುಟ್ಟರಾಜು ಅವನನ್ನು ಒಳಕ್ಕೆ ಕರೆದು ಬಾಗಿಲು ಹಾಕಿದ.

"ಹುಚ್ಚೀರಯ್ಯ, ಈ ಸಲ ಪಟ್ಟಿ ಎಂಗೆ ಬಂದ್ರೂ ಅದ್ರಂಗೇ ನೀರು ಬುಡಬೇಕು ಕಣಪ್ಪ. ಒಂದ್ ಗಂಟೆ ಎಚ್ಚುಕಮ್ಮಿ ಆದ್ರೂ ನಾನು ಉಳಿಯಕಿಲ್ಲ."

"ಪಟ್ಟಿಯಂಗಾ?" ಎಂದ ಹುಚ್ಚೀರಯ್ಯ.

"ಇಷ್ಟ್ ವರ್ಸ ಬುಟ್ಟಿದೀಯಲ್ಲ, ಅಂಗೇ."

"ಇಷ್ಟ್ ವರ್ಸ ಪಟ್ಟಿಯಂಗೆ ಬುಟ್ಟಿದ್ರೆ ಸತ್ತೋರ ಗದ್ದೆ ತುಂಬಿ ಬದುಕಿರೋರದು ಒಣಗೋಗದು, ಸ್ವಾಮಿ. ಅದ್ರಲ್ಲಿ ಸತ್ತೋರ ಎಸ್ರು ಅವೆ ಅಂತ ಕೇಳಿದ್ದೆ ಅಷ್ಟೆ. ನಂಗೆ ಓದಕ್ಕೆ ಬರಕಿಲ್ಲ."

ಹೇಮಶ್ರೀ ಮೌಸ್ ಮೇಲಿನ ಕೈ ತೆಗೆದಳು. ಪುಟ್ಟರಾಜು ಹುಚ್ಚೀರಯ್ಯನ ಹತ್ತಿರ ಬಂದ. "ಮತ್ತೆ ತಿಂಗ್ ತಿಂಗ್ಳೂ ಸೈಕಲ್ ತುಳ್ಕಂಡ್ ಬಂದು ಯಾಕ್ ತಕೊಂಡೋಗ್ತಿದ್ದೆ?"

"ನೀವು ಅಷ್ಟು ಆಸೇಲಿ ತೆಗ್ದು ಕೊಡೋರಿ. ಬ್ಯಾಡ ಅಂದ್ರೆ ನೊಂದ್ಕತೀರಿ ಅಂತ."

ಪುಟ್ಟರಾಜುವಿಗೆ ನಾಚಿಕೆಯಾಯಿತು. ತರಬೇತಿಯಲ್ಲೂ ಆಗದ, ಮದ್ದೂರಿನ ಅಂಗಡಿಯಲ್ಲೂ ಆಗದ ನಾಚಿಕೆ. ಓದಲು ಬಾರದವನೊಬ್ಬ, ಕಂಪ್ಯೂಟರ್ ಬಾರದವನ ಮರ್ಯಾದೆಯನ್ನು ಹದಿನೈದು ವರ್ಷ ಜೇಬಿನಲ್ಲಿಟ್ಟು ಕಾಪಾಡಿದ್ದ.

"ಯಾವ್ ಗದ್ದೆಗೆ ಎಷ್ಟು ಬುಡಬೇಕು ಅಂತ ನಿಂಗೆಂಗೆ ಗೊತ್ತಾಗದು?"

"ಬದುವಿನ ಮ್ಯಾಲೆ ನಡೆದ್ರೆ ಗೊತ್ತಾಯ್ತದೆ. ಯಾರ್ದು ನಾಟಿ ಆಗದೆ, ಯಾರ್ದು ಪೈರು ಇನ್ನೂ ಒಟ್ಲು ಪಾತೀಲೇ ಅದೆ, ಯಾರ್ ಬದ ಸೋರ್ತದೆ. ನನ್ನ ಯಾರೂ ಕೇಳ್ನಿಲ್ಲ."

"ಮತ್ತೆ ಕೊನೆಗಡೆಯೋರು ನೀರು ಸಾಲ್ದು ಅಂತಾರಲ್ಲ?"

"ನಾನು ಬುಟ್ಟಿದ್ದು ಅವ್ರಿಗೆ ಮುಟ್ಟಕಿಲ್ಲ. ದಾರೀಲಿ ನಿಮ್ಮಣ್ಣೋರು ಪಂಪ್ ಮಡಗವ್ರೆ. ಅದು ಪಟ್ಟೀಲಿ ಇಲ್ವಾ?"

ಪಟ್ಟಿಯಲ್ಲಿ ಇರಲಿಲ್ಲ. ಪುಟ್ಟರಾಜು ತಾನು ಕೂರುತ್ತಿದ್ದ ಕುರ್ಚಿಯನ್ನು ಎಳೆದು ಮುಂದಿಟ್ಟು, "ಕೂತ್ಕಳಿ ಹುಚ್ಚೀರಣ್ಣ," ಎಂದ. ಹುಚ್ಚೀರಯ್ಯ ಕುರ್ಚಿಯ ತುದಿಯಲ್ಲಿ ಕೂತು ಹೇಳತೊಡಗಿದ, ಹೇಮಶ್ರೀ ಟೈಪ್ ಮಾಡತೊಡಗಿದಳು. ಸತ್ತವರು ಹನ್ನೊಂದು ಜನ ಪಟ್ಟಿಯಿಂದ ಹೋದರು. ಅಪ್ಪನ ಹೆಸರು ಅಳಿಸುವಾಗ ಪುಟ್ಟರಾಜು ಒಂದು ನಿಮಿಷ ಎದ್ದು ನಿಂತ. ಹುಚ್ಚೀರಯ್ಯ ಹೇಳಿದ್ದನ್ನು ಒಂದೂ ಬಿಡದೆ ಹೊಡೆಯುತ್ತಿದ್ದ ಹೇಮಶ್ರೀ ಹದಿನೇಳನೇ ಸಾಲಿನಲ್ಲಿ, "ಮಹದೇವಯ್ಯನವರ ಪಂಪು, ದಿನಾ ಸಂಜೆ ಎರಡು ಗಂಟೆ ಹೊತ್ತು" ಎಂಬುದನ್ನೂ ಹೊಡೆದಳು.

ಪಟ್ಟಿಯನ್ನು ಜಗಲಿಯ ಗೋಡೆಗೆ ಅಂಟಿಸಿದಾಗ ಮಹದೇವಯ್ಯನೇ ಮೊದಲು ಓದಿದ್ದು. ಹದಿನೇಳನೇ ಸಾಲಿಗೆ ಬಂದು ಅವನ ಬಾಯಿ ನಿಂತಿತು. ತಮ್ಮನಿಗೆ ಗೊತ್ತಿಲ್ಲದ, ಹೆಂಡತಿಗೂ ಹೇಳದ ಪಂಪು ಅದು. "ಲೇ ಪುಟ್ಟರಾಜ," ಎಂದು ಮೆಲ್ಲಗೆ ಕೇಳಿದ, "ಇದಕ್ಕೆ ಎಲ್ಲಾ ಕಾಣ್ತದಾ?"

"ಒಸಾದಲ್ವಾ ಅಣ್ಣ," ಎಂದ ಪುಟ್ಟರಾಜು.

ಮಹದೇವಯ್ಯ ಸಂಜೆಯಾಗುವ ಮೊದಲೇ ಪಂಪನ್ನು ಬಿಚ್ಚಿ ಮನೆಗೆ ಸಾಗಿಸಿದ. ಮೂರನೇ ದಿನ ಮಾಯಮ್ಮನ ಗದ್ದೆಗೆ ಮಂಡಿಯುದ್ದ ನೀರು ಬಂತು. ಅವಳು ಸಂಘಕ್ಕೆ ಬಂದು ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ, ಕುಸುಮಳ ಮನೆಗೆ ಇನ್ನೊಂದು ಹುಂಜ ಕಳಿಸಿದಳು. ಮುದ್ದೆ ತನ್ನ ಹಳೆಯ ಗಾತ್ರಕ್ಕೆ ಮರಳಿತು. ಪಟ್ಟಿಯಲ್ಲಿದ್ದ ಹಾಗೆಯೇ ನೀರು ಬರುವುದನ್ನು ಕಂಡು ಕೆರಗೋಡಿನ ಕಡೆಯಿಂದಲೂ ಜನ ಬಂದು ಸಾಫ್ಟ್‌ವೇರ್ ನೋಡಿಕೊಂಡು ಹೋದರು. ಅವರು ನೋಡುವಾಗ ಹುಚ್ಚೀರಯ್ಯ ಹೊರಗೆ ಸೈಕಲ್ ಪಕ್ಕ ಬೀಡಿ ಸೇದುತ್ತಾ ಕೂತಿರುತ್ತಿದ್ದ.

ಮೇಲಿನ ಕಚೇರಿಯವರು ಪುಟ್ಟರಾಜುವನ್ನು ಮಂಡ್ಯಕ್ಕೆ ಕರೆಸಿ ಶಾಲು ಹೊದಿಸಿದರು. ಶಾಲಿನ ಹಿಂದೆಯೇ ಇನ್ನೊಂದು ಸುತ್ತೋಲೆ ಬಂತು. ಹೊಸ ತಂತ್ರಾಂಶದಿಂದ ನೀರಿನ ಹಂಚಿಕೆ ತಾನಾಗಿಯೇ ಸಮರ್ಪಕವಾಗಿ ನಡೆಯುತ್ತಿರುವುದು ಕಂಡುಬಂದಿರುವುದರಿಂದ, ಇನ್ನು ಮುಂದೆ ನೀರುಗಂಟಿಯ ಅವಶ್ಯಕತೆ ಇಲ್ಲವೆಂದು ಭಾವಿಸಲಾಗಿದೆ. ಹತ್ತು ದಿನದೊಳಗೆ ಅಭಿಪ್ರಾಯ ತಿಳಿಸುವುದು.

ಈ ಸಲ ಪುಟ್ಟರಾಜು ಅದನ್ನು ಜೇಬಿಗಿಟ್ಟುಕೊಳ್ಳಲಿಲ್ಲ, ಯಾವ ಊಟಕ್ಕೂ ಒಯ್ಯಲಿಲ್ಲ. ನಿಜ ಬರೆದರೆ ಶಾಲು, ಪ್ರಮಾಣಪತ್ರ, ಕಂಪ್ಯೂಟರ್ ಪುಟ್ಟರಾಜು ಎಂಬ ಹೆಸರು, ಎಲ್ಲಕ್ಕೂ ಎಳ್ಳುನೀರು. ಬರೆಯದಿದ್ದರೆ ಹುಚ್ಚೀರಯ್ಯನ ಅನ್ನಕ್ಕೆ. ಅವನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒದ್ದಾಡಿ, ಕೊನೆಗೆ ಬಿಳಿ ಹಾಳೆಯಲ್ಲಿ ಕೈಯಿಂದಲೇ ಬರೆದ. "ನನಗೆ ಕಂಪ್ಯೂಟರ್ ಬರುವುದಿಲ್ಲ. ಈ ಸಂಘದ ಸರದಿ ಪಟ್ಟಿಯೆಲ್ಲ ಇರುವುದು ಹುಚ್ಚೀರಯ್ಯನಲ್ಲಿ. ಹುಚ್ಚೀರಯ್ಯನನ್ನು ತೆಗೆದರೆ ಪಟ್ಟಿಯೂ ಇಲ್ಲ, ನೀರೂ ಇಲ್ಲ." ಮನಸ್ಸು ಬದಲಾಗುವ ಮೊದಲೇ ಅಂಚೆಗೆ ಹಾಕಿ ಬಂದು, ಗೋಡೆಯ ಪ್ರಮಾಣಪತ್ರವನ್ನು ತಾನೇ ಇಳಿಸಿ ಕಪಾಟಿನ ಹಿಂದೆ ಸೇರಿಸಿದ.

ಅಭಿಪ್ರಾಯ ಕೇಳುವವರಿಗೆ ಅದನ್ನು ಪೂರ್ತಿ ಓದುವ ಅಭ್ಯಾಸವಿರುವುದಿಲ್ಲ. ಇಪ್ಪತ್ತು ದಿನದ ಮೇಲೆ ಉತ್ತರ ಬಂತು. ಪುಟ್ಟರಾಜು ಹುಚ್ಚೀರಯ್ಯನನ್ನು ಕುರ್ಚಿಯಲ್ಲಿ ಕೂರಿಸಿ ಗಟ್ಟಿಯಾಗಿ ಓದಿದ. "ತಮ್ಮ ಸಂಘದಲ್ಲಿ ಸರದಿ ಪಟ್ಟಿಯು ಹುಚ್ಚೀರಯ್ಯ ಎಂಬುದರಲ್ಲಿ ಇರುವುದನ್ನು ಗಮನಿಸಲಾಗಿದೆ. ಮುಂದಿನ ಆದೇಶದವರೆಗೆ ಅದನ್ನು ತೆಗೆಯತಕ್ಕದ್ದಲ್ಲ. ಆದರೆ ಸದರಿ ಹುಚ್ಚೀರಯ್ಯವು ತುಂಬ ಹಳೆಯದೆಂದು ತೋರುತ್ತಿದ್ದು, ಅದನ್ನು ಹೊಸ ಆವೃತ್ತಿಗೆ ಏರಿಸಲು ಸಾಧ್ಯವೇ ಎಂಬ ಬಗ್ಗೆ ಹತ್ತು ದಿನದೊಳಗೆ ಅಭಿಪ್ರಾಯ ತಿಳಿಸುವುದು."

ಹೇಮಶ್ರೀ ಮುಖ ಮುಚ್ಚಿಕೊಂಡಳು. ಹುಚ್ಚೀರಯ್ಯ ಮಾತ್ರ ಗಂಭೀರವಾಗಿ ಕೇಳಿಸಿಕೊಂಡ.

"ಏರ್ಸದು ಅಂದ್ರೇನು?"

"ಅಳೇದಾಗಿರೋದ್ನ ಸರಿ ಮಾಡಿ ಒಸಾದು ಮಾಡೋದು, ಹುಚ್ಚೀರಣ್ಣ."

ಹುಚ್ಚೀರಯ್ಯ ಕೂತಲ್ಲೇ ಎರಡೂ ಕಾಲನ್ನು ನಿಧಾನವಾಗಿ ಮುಂದಕ್ಕೆ ಚಾಚಿದ.

"ಮೊಣಕಾಲಿಂದ ಸುರು ಮಾಡ್ತಾರಾ ಅಂತ ಕೇಳಿ ಬರೀರಿ," ಎಂದ.